ಹೊಕ್ಕುಳಬಳ್ಳಿ ಹೂತ ಜಾಗ

"ಗುರುಗಳೇ, ಹುಟ್ಟಿದ ಊರು ಬಿಟ್ಟು ಬಂದವರಿಗೆ 'ಇದು ನನ್ನದು' ಎಂದು ತೋರಿಸಲು ಒಂದು ಜಾಗ ಬೇಡವೇ?" ಎಂದು ಶಿಷ್ಯೆ ಕೇಳಿದಳು.

ಅವಳು ದೂರದ ನಾಡಿನವಳು. ಬರುವಾಗ ತನ್ನೂರಿನ ಹಿಡಿಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಮಲಗುವಾಗ ಆ ಗಂಟು ತಲೆಯ ಬಳಿ ಇರಬೇಕು. ಗುರುಗಳು ಅದನ್ನು ನೋಡಿದ್ದರು. ಈಗ ಒಂದು ಕತೆ ಹೇಳಿದರು.

ಬಹಳ ಉತ್ತರದಲ್ಲಿ ಒಂದು ಹುಲ್ಲಿನ ಬಯಲು. ಅಲ್ಲಿ ಮರವಿಲ್ಲ, ಗುಡ್ಡವಿಲ್ಲ. ಆಕಾಶ ಮುಟ್ಟುವವರೆಗೂ ಹುಲ್ಲೇ. ಮಳೆ ಕಡಿಮೆ, ಗಾಳಿ ಹೆಚ್ಚು, ಚಳಿಗಾಲಕ್ಕೆ ಹಿಮ. ನೆಲದ ಮೇಲೆ ಮೊಳಕಾಲುದ್ದ ಕಾಣುವ ಹುಲ್ಲು ನೆಲದೊಳಗೆ ಆಳುದ್ದ ಬೇರು ಬಿಟ್ಟಿರುತ್ತದೆ. ಹಿಂದೆ ಕುದುರೆಯ ದಂಡುಗಳು ಆ ಬಯಲನ್ನು ದಾಟಿಹೋದವು. ಒಬ್ಬ ಅರಸ ಅಲ್ಲಿ ಕೋಟೆ ಕಟ್ಟಿಸಿದ. ಇನ್ನೊಬ್ಬ ಉಳುಮೆ ಮಾಡಿಸಿದ. ಬೇರು ಕಿತ್ತ ಮಣ್ಣನ್ನು ಗಾಳಿ ಹೊತ್ತೊಯ್ದಿತು. ಕೋಟೆಯ ಮೇಲೂ ಈಗ ಹುಲ್ಲು ಬೆಳೆದಿದೆ. ಉಳಿದವರು ಡೇರೆ ಹೊತ್ತು ಕುರಿ ಮೇಯಿಸುವವರು ಮಾತ್ರ. ಬೇಸಿಗೆಗೆ ಉತ್ತರಕ್ಕೆ ಹೋಗುತ್ತಾರೆ, ಚಳಿಗೆ ದಕ್ಷಿಣಕ್ಕೆ ಬರುತ್ತಾರೆ. ಒಂದು ಜಾಗ ಬಿಡುವಾಗ ಒಲೆಯ ಬೂದಿ ಚೆಲ್ಲಿ, ಗೂಟದ ಕುಳಿ ಮುಚ್ಚಿ, ಡೇರೆ ಇತ್ತೆಂಬ ಗುರುತೂ ಉಳಿಯದಂತೆ ಮಾಡುವುದು ಅವರ ಪದ್ಧತಿ.

ನದಿಯ ದಡದ ಹಳ್ಳಿಯ ಹೆಣ್ಣೊಬ್ಬಳು ಅವರಲ್ಲಿಗೆ ಸೊಸೆಯಾಗಿ ಬಂದಳು. ತವರಿನಲ್ಲಿ ಬಾವಿಯಿತ್ತು, ಬೇಲಿಯಿತ್ತು, ಬಾಗಿಲಿತ್ತು. ಇಲ್ಲಿ ಕಣ್ಣು ನಿಲ್ಲಲು ಏನೂ ಇಲ್ಲ. ಮೊದಲ ಹೆರಿಗೆ ಡೇರೆಯಲ್ಲೇ ಆಯಿತು. ಅತ್ತೆ ಮಗುವಿನ ಹೊಕ್ಕುಳಬಳ್ಳಿಯನ್ನು ಪಕ್ಕದಲ್ಲೇ ಹೂತು, ಹುಲ್ಲಿನ ಹೆಂಟೆ ಮುಚ್ಚಿ, ಕೈ ಕೊಡವಿಕೊಂಡು ಎದ್ದಳು. ಸೊಸೆಗೆ ತಡೆಯಲಾಗಲಿಲ್ಲ. ಡೇರೆ ಕೀಳುವ ದಿನ, ಮಿಕ್ಕಿದ್ದ ಒಂದು ಕಂಬವನ್ನು ತಂದು ಆ ಜಾಗದಲ್ಲಿ ನೆಟ್ಟಳು.

"ಬರುವ ವರ್ಷ ನನ್ನ ಮಗ ಹುಟ್ಟಿದ ಜಾಗ ನನಗೆ ಸಿಗಬೇಕು. ಸಿಗದಿದ್ದರೆ ಅವನನ್ನು ಎತ್ತಿಕೊಂಡು ತವರಿಗೆ ಹೋಗಿಬಿಡುತ್ತೇನೆ" ಎಂದಳು.

ಅತ್ತೆ ಕಂಬವನ್ನು ಒಮ್ಮೆ ಅಲುಗಿಸಿ ನೋಡಿದಳು. "ಗಟ್ಟಿಯಾಗಿಯೇ ನೆಟ್ಟಿದ್ದೀಯ" ಎಂದಳು, ಅಷ್ಟೇ.

ವರ್ಷ ತಿರುಗಿತು. ಕಂಬ ದೂರದಿಂದಲೇ ಕಂಡಿತು. ಸೊಸೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಿದಳು. ಬಯಲೆಲ್ಲ ಹೂಬಿಟ್ಟಿತ್ತು. ಕಂಬದ ಸುತ್ತ ಮಾತ್ರ ಬೋಳು. ಆ ದಾರಿಯಲ್ಲಿ ಹಾದುಹೋದ ಮಂದೆಗಳ ಕುರಿಗಳೆಲ್ಲ ಮೈ ತುರಿಸಿಕೊಳ್ಳಲು ಅದೊಂದೇ ಕಂಬಕ್ಕೆ ಬಂದಿದ್ದವು. ನೆಲ ತುಳಿಸಿಕೊಂಡು ಹುಡಿಯಾಗಿತ್ತು. ತುದಿಯಲ್ಲಿ ಹದ್ದು ಕೂತು ಬೇಟೆಯಾಡಿತ್ತು. ಬುಡದಲ್ಲಿ ಸಣ್ಣ ಹಕ್ಕಿಗಳ ಪುಕ್ಕ ಬಿದ್ದಿತ್ತು. ಅವಳು ಆ ಹುಡಿಯಲ್ಲೇ ಕುಳಿತುಬಿಟ್ಟಳು.

ಅತ್ತೆ ನಿಧಾನವಾಗಿ ಬಂದಳು. "ಜಾಗ ಸಿಕ್ಕಿತಲ್ಲ ತಾಯಿ, ಮುಖ ಯಾಕೆ ಹಾಗಿದೆ?"

"ಅತ್ತೆ, ನಿಮ್ಮ ಮಗನ ಹೊಕ್ಕುಳಬಳ್ಳಿಯನ್ನೂ ಹೂತಿದ್ದಿರಲ್ಲ, ಎಲ್ಲಿ?"

"ಯಾರಿಗೆ ಗೊತ್ತು? ನಿನ್ನ ಗಂಡನನ್ನು ಕೇಳಿದರೆ, ಊಟಕ್ಕೆ ಕೂತಲ್ಲೆಲ್ಲ ಇಲ್ಲೇ ಅನ್ನುತ್ತಾನೆ. ನನಗಂತೂ ಎಲ್ಲಿ ಕಾಲಿಟ್ಟರೂ ಇಲ್ಲೇ ಇದ್ದೀತು ಅನ್ನಿಸುತ್ತದೆ. ಅದಕ್ಕೇ ಹೆಜ್ಜೆ ನೋಡಿ ಇಡುತ್ತೇನೆ."

ಸೊಸೆ ನಗಬಾರದು ಎಂದುಕೊಂಡರೂ ನಕ್ಕಳು. ಎದ್ದು ಕಂಬ ಕಿತ್ತಳು, ಕುಳಿ ಮುಚ್ಚಿದಳು. ಆ ಸಂಜೆ ಕಂಬ ಡೇರೆಯ ಮಾಡನ್ನು ಹೊತ್ತು ನಿಂತಿತು.

ಮರುವರ್ಷ ಬಂದಾಗ ಜಾಗ ಎಲ್ಲಿತ್ತೆಂದು ಅವಳಿಗೆ ತಿಳಿಯಲಿಲ್ಲ. ಮಗ ಹುಲ್ಲಿನಲ್ಲಿ ಮುಳುಗುತ್ತ ಏಳುತ್ತ ಓಡುತ್ತಿದ್ದ. ಅವಳು ಪ್ರತಿ ಹೆಜ್ಜೆಯನ್ನೂ ನೋಡಿ ಇಡುತ್ತ ಅವನ ಹಿಂದೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವಳಿಗೆ ತವರು ನೆನಪಾಗಲೇ ಇಲ್ಲವೇ?" ಎಂದು ಶಿಷ್ಯೆ ಕೇಳಿದಳು. ಅವಳ ಕೈ ತಾನಾಗಿ ಗಂಟಿನ ಮೇಲೆ ಹೋಗಿತ್ತು.

ಗುರುಗಳು ಗಂಟನ್ನು ನೋಡಿ ಕೇಳಿದರು: "ಅದರೊಳಗಿನ ಮಣ್ಣಿನಲ್ಲಿ ಇದುವರೆಗೆ ಒಂದಾದರೂ ಹುಲ್ಲು ಹುಟ್ಟಿದೆಯೇ, ಮಗಳೇ?"