ಸೇರಿಗೆ ಒಂದು ಕಿಲೋ

ಮದುವೆ ಮುಗಿದ ಮೇಲೆ ಉಳಿದ ಸಾಮಾನಿನಲ್ಲಿ ಅಡುಗೆಯವನು ತನಗೆ ಬೇಕಾದ್ದು ಒಂದು ಸೇರು ಅಳೆದುಕೊಳ್ಳುವುದು ಊರಿನ ಪದ್ಧತಿ. ಅಡುಗೆ ಕೊಟ್ರಪ್ಪನೋ ಸೇರಿನ ಮೇಲೆ ಗೋಪುರ ಕಟ್ಟಿಯೇ ತುಂಬುವವನು. ಅದನ್ನು ಕಂಡು ಮದುವೆ ಮನೆಯ ಯಜಮಾನ ಸಾವುಕಾರ ವಾಗೀಶಪ್ಪನಿಗೆ ಹೊಟ್ಟೆ ಉರಿಯಿತು.

“ಗೋಪುರ ಕಟ್ಟೋದು ಮೋಸ ಕಣೋ! ನನ್ನ ಮನೇಲಿ ಅಳತೆ ಇಲ್ಲ, ತೂಕ. ಏನೇ ತಗೋ, ಸೇರಿಗೆ ಒಂದು ಕಿಲೋ!”

“ನಿಮ್ಮ ಮಾತು ಮೀರ್ತೀನಾ ಸಾವ್ಕಾರ್ರೇ?” ಎಂದು ಕೊಟ್ರಪ್ಪ ಕೈಮುಗಿದ. ತಕ್ಕಡಿಯ ಒಂದು ಕಡೆ ಕಿಲೋ ಕಲ್ಲು ಇಟ್ಟ. ಇನ್ನೊಂದು ಕಡೆ ದೊಡ್ಡ ಚೀಲ ಕಟ್ಟಿ ಮಂಡಕ್ಕಿ ಸುರಿಯತೊಡಗಿದ. ಎಷ್ಟು ಸುರಿದರೂ ಕಲ್ಲು ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಸಂಜೆ ಬೀಗರ ತಿಂಡಿಗೆಂದು ಸಾವುಕಾರ ನೆಚ್ಚಿಕೊಂಡಿದ್ದ ಕಾಲು ಮೂಟೆಯ ತಳ ಕಂಡಿತು.

“ನಿಲ್ಲಿಸೋ ಮಾರಾಯ! ಸೇರಲ್ಲೇ ತಗೋ, ಗೋಪುರ ಕಟ್ಟಿಕೊಂಡೇ ತಗೋ!”

“ಛೆ ಛೆ, ಅದು ಮೋಸ ಅಲ್ವಾ ಸಾವ್ಕಾರ್ರೇ?” ಎನ್ನುತ್ತ ಕೊಟ್ರಪ್ಪ ಇನ್ನೊಂದು ಮೊರ ಸುರಿದ.