ಹೊಳೆಯುವ ನೆಲವೂ ಗೃಹಪ್ರವೇಶದ ಹಸುವೂ

ಮರಿಸ್ವಾಮಿಯವರ ಹೊಸ ಮನೆಯ ಕಾಂಕ್ರೀಟ್ ನೆಲಕ್ಕೆ ತನ್ನ ಪಾಲಿಶ್ ಬಗ್ಗೆ ಬಹಳ ಜಂಬ. ಗೃಹಪ್ರವೇಶದ ಬೆಳಿಗ್ಗೆ, ಪೂಜೆ ಮಾಡಿದ ಹಸುವನ್ನು ಮೊದಲು ಒಳಗೆ ಕರೆತಂದರು. ಹೊಸ್ತಿಲು ದಾಟಿ ಒಂದು ಕಾಲಿಟ್ಟಿತೋ ಇಲ್ಲವೋ, ಗೊರಸು ಜಾರಿತು. ಹಸು ಸರಕ್ಕನೆ ಹಿಂದೆ ಸರಿದು ನಿಂತುಬಿಟ್ಟಿತು.

ನೆಲ ಸಿಡುಕಿತು: "ಏಕೆ ನಿಂತೆ? ಮೆಷಿನ್ ಹಾಕಿ ಉಜ್ಜಿ ಉಜ್ಜಿ ನನ್ನನ್ನು ಕನ್ನಡಿ ಮಾಡಿದ್ದಾರೆ. ಬಂದವರೆಲ್ಲ ನನ್ನಲ್ಲಿ ಮುಖ ನೋಡಿಕೊಂಡು ಹೊಗಳುತ್ತಿದ್ದಾರೆ. ನೀನೊಬ್ಬಳು ಅವಮಾನ ಮಾಡುತ್ತೀಯಾ?"

"ನಾನು ಮುಖ ನೋಡಿಕೊಳ್ಳಲು ಬಂದವಳಲ್ಲ, ಕಾಲೂರಲು ಬಂದವಳು," ಎಂದು ಹಸು ಗುಡುಗಿತು. "ನೆಲವಾಗಿ ಹುಟ್ಟಿ ಒಂದು ಕಾಲು ನಿಲ್ಲಲು ಬಿಡದ ನಿನಗೆ ಜಂಬ ಬೇರೆ ಕೇಡು!"

"ಜಾರಿದರೆ ಅದು ಕಾಲಿನ ತಪ್ಪು!" ಎಂದು ನೆಲ ಕಿರುಚಿತು.

ಮುಹೂರ್ತ ಮೀರುತ್ತಿತ್ತು. ಎಷ್ಟು ಜಗ್ಗಿದರೂ ಹಸು ಕದಲಲಿಲ್ಲ. ಕೊನೆಗೆ ಮರಿಸ್ವಾಮಿ, "ಗೋಣಿಚೀಲ ತಂದು ಹಾಸ್ರಪ್ಪ!" ಎಂದು ಕೂಗಿದರು. ಕಾಂಕ್ರೀಟ್ ಹಾಕಿದಾಗ ನೆಲ ಬಿರಿಯದಿರಲೆಂದು ನೆನೆಸಿ ಹೊದಿಸಿದ್ದ ಹಳೆಯ ಚೀಲಗಳನ್ನೇ ತಂದು ಬಾಗಿಲಿನಿಂದ ಅಡುಗೆಮನೆಯವರೆಗೂ ಹಾಸಿದರು.

"ತೆಗೆಯಿರಿ! ನನ್ನ ಹೊಳಪೆಲ್ಲ ಮುಚ್ಚಿಹೋಯಿತು!" ಎಂದು ನೆಲ ಅಡಿಯಿಂದ ಅರಚಿತು.

ಹಸು ಧೈರ್ಯವಾಗಿ ಒಳಗೆ ನಡೆಯಿತು. ಅದರ ಹಿಂದೆಯೇ, ಅಲ್ಲಿಯವರೆಗೂ ಹೊರಗೆ ಕುರ್ಚಿ ಬಿಟ್ಟು ಏಳದಿದ್ದ ಮರಿಸ್ವಾಮಿಯ ಮುದಿ ತಾಯಿ ಕೋಲೂರುತ್ತ ಬಂದರು. ನಡುಮನೆಯಲ್ಲಿ ನಿಂತು ಮಗನನ್ನು ಗದರಿದರು:

"ಪೂಜೆ ಮುಗೀತು ಅಂತ ಈ ಚೀಲ ಎತ್ತೀಯಾ, ಜೋಕೆ! ಹಸು ಸಂಜೆಗೆ ಹೋಗುತ್ತೆ. ನಾನು ಇಲ್ಲೇ ಓಡಾಡಬೇಕು."