ಹನ್ನೆರಡು ಗೇರಿನ ಗದಿಗೆಪ್ಪ

ಹೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಆತು ಕೂಡಿ. ಕೃಷ್ಣಾ ಹೊಳೆಯ ಈಚೆಗೆ ಕಲ್ಲಹಾಳ ಎಂಬ ಊರು. ಆ ಊರಲ್ಲಿ ವಿಶಾಲಕ್ಕ ಎಂಬ ತಾಯಿ, ಗದಿಗೆಪ್ಪ ಎಂಬ ಮಗ. ತಾಯಿ ಗಣಿತದಲ್ಲಿ ಬಿ.ಎಸ್‌ಸಿ. ಮಾಡಿದವಳು. ಮಗ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೇಳುವುದಕ್ಕೆ ಚೆಂದ ಅನಿಸುತ್ತದೆ. ಅಂಥವನನ್ನು ಮನೆಯಲ್ಲಿ ಇಟ್ಟುಕೊಂಡು ನೋಡಬೇಕು. ಒಲೆಯ ಮೇಲಿನ ಹಾಲು ನೋಡುತ್ತಿರು ಎಂದರೆ ಅದು ಉಕ್ಕುವವರೆಗೆ ನೋಡಿ, ಒಲೆ ಆರುವವರೆಗೆ ನೋಡಿ, ಪಾತ್ರೆ ಕರಕಾಗುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಬೈದರೆ ಒಂದೇ ಮಾತು: "ನೀ ಹೇಳಿದಂಗ ಮಾಡೇನಿ ಯವ್ವಾ."

ಆದರೆ ದೇವರು ಇವನ ತಲೆಗೆ ಹಾಕದೆ ಉಳಿಸಿಕೊಂಡದ್ದನ್ನೆಲ್ಲ ಕಾಲಿಗೆ ತುಂಬಿದ್ದ. ಸೈಕಲ್ ಹತ್ತಿದನೆಂದರೆ ಊರ ನಾಯಿಗಳು ಬೆನ್ನಟ್ಟಿ ನೋಡಿ, ಎರಡು ಹೊಲ ದಾಟುವುದರೊಳಗೆ ನಾಲಗೆ ಚಾಚಿ ಕೂಡುತ್ತಿದ್ದವು. ಆ ಸೀಮೆಯಲ್ಲಿ ಸೈಕಲ್ ಎಂದರೆ ಬೇರೆ ಕಡೆ ಕುಸ್ತಿ ಇದ್ದ ಹಾಗೆ. ಜಿಲ್ಲಾ ತಂಡಕ್ಕೆ ವರ್ಷಕ್ಕೊಮ್ಮೆ ಸೈಕಲ್ ಓಟ ಇಟ್ಟು ಮೊದಲ ಮೂವರನ್ನು ಆರಿಸುತ್ತಿದ್ದರು. ಗದಿಗೆಪ್ಪನಿಗೆ ಯುಗಾದಿಗೆ ಇಪ್ಪತ್ತಮೂರು ತುಂಬುತ್ತಿತ್ತು. ತುಂಬಿದ ಮೇಲೆ ಓಟಕ್ಕೆ ನಿಲ್ಲಲು ಬಿಡುತ್ತಿರಲಿಲ್ಲ. ಉಳಿದದ್ದು ಇದೊಂದೇ ಸಲ.

ಶಾಲೆ ಅವನನ್ನು ಕೈಬಿಟ್ಟಿತ್ತು, ಗರಡಿ ಕೈಬಿಟ್ಟಿತ್ತು, ಹಿಟ್ಟಿನ ಗಿರಣಿಯವನು ಮೂರು ದಿನ ಇಟ್ಟುಕೊಂಡು ಕೈಮುಗಿದು ಕಳಿಸಿದ್ದ. ತಂಡವೂ ಬೇಡ ಎಂದರೆ ಈ ಮಗ ಎಲ್ಲಿ ನಿಲ್ಲಬೇಕು? ತಾನಿರುವಷ್ಟು ದಿನ ತಾನು ಹೇಳುತ್ತೇನೆ. ತಾನಿಲ್ಲದ ದಿನ ಇವನಿಗೆ ಯಾರು ಹೇಳಬೇಕು? ಈ ಯೋಚನೆ ವಿಶಾಲಕ್ಕನನ್ನು ಒಂದು ಕಡೆ ಕೂಡಗೊಡುತ್ತಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಎದ್ದು ಹೋಗಿ ರಸ್ತೆ ನೋಡಿ ಬರುತ್ತಿದ್ದಳು. ಮಗ ಹೊರಟ ಹೊತ್ತು, ಬಂದ ಹೊತ್ತು, ಹೋದ ದೂರ, ಗಾಳಿ ಯಾವ ಕಡೆಯಿಂದ ಬೀಸಿತು, ಎಲ್ಲವನ್ನೂ ದಿನಾಂಕ ಹಾಕಿ ಒಂದು ದಪ್ಪ ವಹಿಯಲ್ಲಿ ಬರೆದಿಡುತ್ತಿದ್ದಳು.

ಸೈಕಲ್ಲು ಹಳೆಯದು. ಹಿಂದಿನ ಚಕ್ರದ ನಡುವೆ ಏಳು ಹಲ್ಲಿನ ಬಿಲ್ಲೆಗಳು, ಅಂದರೆ ಏಳು ಗೇರು. ದೊಡ್ಡ ಬಿಲ್ಲೆಗೆ ಚೈನು ಬಿದ್ದರೆ ತುಳಿತ ಹಗುರ, ಚಿಕ್ಕದಕ್ಕೆ ಬಿದ್ದರೆ ಭಾರ. ಸೈಕಲ್ ಅಂಗಡಿಯ ಮಕ್ತುಮಸಾಬ ಯಾವ ಬಿಲ್ಲೆಗೆ ಚೈನು ಹಾಕಿ ಕೊಟ್ಟಿದ್ದನೋ ಅದರಲ್ಲೇ ಗದಿಗೆಪ್ಪ ಆರು ವರ್ಷ ತುಳಿದಿದ್ದ. ಒಂದು ದಿನ ವಿಶಾಲಕ್ಕ ಇದನ್ನು ಕಂಡುಹಿಡಿದು ಹಣೆ ಹಣೆ ಬಡಿದುಕೊಂಡಳು. ಏಳು ಕೊಟ್ಟದ್ದು ನೋಡುವುದಕ್ಕಲ್ಲ, ಏಳನ್ನೂ ಬಳಸು ಎಂದಳು.

ಮರುದಿನ ಗದಿಗೆಪ್ಪ ಏಳೇ ಕಿಲೋಮೀಟರಿಗೆ ಒಂದು ತಾಸು ತೆಗೆದುಕೊಂಡ. ರಸ್ತೆಯ ಬದಿಯ ಒಂದೊಂದು ಕಿಲೋಮೀಟರ್ ಕಲ್ಲಿಗೆ ಒಂದೊಂದು ಗೇರು ಬದಲಿಸಿದ್ದ. ಮೊದಲ ಕಲ್ಲಿನಿಂದ ಎರಡನೆಯದಕ್ಕೆ ಅತಿ ಹಗುರದ್ದು. ಇಳಿಜಾರಿನಲ್ಲಿ ಕಾಲು ಹೊಲಿಗೆ ಯಂತ್ರದ ಹಾಗೆ ತಿರುಗುತ್ತಿತ್ತು, ಸೈಕಲ್ಲು ಮಾತ್ರ ಎಮ್ಮೆಯ ಹಾಗೆ ಹೋಗುತ್ತಿತ್ತು. ಕೊನೆಗೆ ಊರ ಹೊರಗಿನ ದಿಬ್ಬಕ್ಕೆ ಅತಿ ಭಾರದ ಗೇರು ಬಂತು. ಪೆಡಲ್ಲಿನ ಮೇಲೆ ಎದ್ದು ನಿಂತ, ಸೈಕಲ್ಲೂ ನಿಂತಿತು, ಇಬ್ಬರೂ ಕೂಡಿ ಬದುವಿಗೆ ಬಿದ್ದರು. "ಏಳನ್ನೂ ಬಳಸೇನಿ ಯವ್ವಾ, ಒಂದೂ ಬಿಟ್ಟಿಲ್ಲ."

ವಿಶಾಲಕ್ಕ ಬೈದಳು. ಕಲ್ಲು ನೋಡಿ ಬದಲಿಸುವುದಲ್ಲ; ದಿಬ್ಬ ನೋಡಿ ಬದಲಿಸಬೇಕು. ದಿಬ್ಬ ಹತ್ತಿದ ಮೇಲೆ ತಡಕಾಡಬೇಡ, ದಿಬ್ಬ ಬರುವ ಮೊದಲೇ ಹಗುರದ ಗೇರಿಗೆ ಬಾ.

ಮರುದಿನ ಅವನು ಬಾಗಿಲ ಮುಂದೆಯೇ ಅತಿ ಹಗುರದ ಗೇರು ಹಾಕಿಕೊಂಡು ಹೊರಟ. ಆ ಸಲ ಅವನ ದಾರಿಯಲ್ಲಿದ್ದ ದಿಬ್ಬ ಹದಿನೆಂಟು ಕಿಲೋಮೀಟರ್ ದೂರದ್ದು. ಹಾಲಿನ ಕ್ಯಾನು ಹೊತ್ತ ಮುದುಕನೊಬ್ಬ ಅವನನ್ನು ದಾಟಿ ಹೋದ. ಕಬ್ಬಿನ ಗಾಡಿ ದಾಟಿ ಹೋಯಿತು. ಗಾಡಿಯ ಮೇಲೆ ಕುಳಿತವನು, ಏನಪ್ಪಾ ಗದಿಗೆಪ್ಪ, ಚಕ್ರ ತಿರುಗಸ್ತೀಯೋ ಬೆಣ್ಣಿ ಕಡೀತೀಯೋ ಎಂದು ಕೇಳಿದ. ಇವನು ತಲೆ ಎತ್ತದೆ, ದಿಬ್ಬ ಬರೋದೈತಿ ಎಂದ.

ವಹಿಯ ಆ ದಿನದ ಸಾಲಿನಲ್ಲಿ ಗಾಳಿ ಇಲ್ಲ ಎಂದು ಬರೆದು ವಿಶಾಲಕ್ಕ ಪೆನ್ನು ಕೆಳಗಿಟ್ಟಳು. ಎದ್ದಳು, ಕೂತಳು, ಮತ್ತೆ ಎದ್ದಳು. ಕಲ್ಲೂ ಬೇಡ, ದಿಬ್ಬವೂ ಬೇಡ, ಈ ಮಗನಿಗೆ ಹೊರಗಿನದೇನೂ ಬೇಡ ಎಂದುಕೊಂಡಳು. ನಿನ್ನ ಕಾಲನ್ನೇ ಕೇಳು, ಕಾಲು ಭಾರ ಅನಿಸಿದ ಕೂಡಲೇ ಗೇರು ಹಗುರ ಮಾಡು, ಎಂದು ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿಸಿದಳು.

ಅದರ ಮರುದಿನ ಸೈಕಲ್ಲಿಗೆ ಬಿಡುವು. ಜೋಳದ ಚೀಲ ತಲೆಯ ಮೇಲಿಟ್ಟು ಗಿರಣಿಗೆ ಕಳಿಸಿದಳು. ಅರ್ಧ ದಾರಿಯಲ್ಲಿ ಗದಿಗೆಪ್ಪನ ಕಾಲು ಭಾರವಾದವು. ಚೀಲವನ್ನು ರಸ್ತೆಯ ಮೇಲಿಳಿಸಿ ಮನೆಗೆ ಓಡಿ ಬಂದ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ, ಪೆಡಲ್ಲು ತಿರುಗಿಸಿ, ಗೇರು ಹಗುರ ಮಾಡಿ ಮತ್ತೆ ಓಡಿದ. ಅಷ್ಟರಲ್ಲಿ ಯಾರದೋ ಆಡುಗಳು ಚೀಲದ ಬಾಯಿ ಬಿಚ್ಚಿದ್ದವು. ಖಾಲಿ ಚೀಲ ತಲೆಯ ಮೇಲಿಟ್ಟುಕೊಂಡು ಬಂದು ಅವನು ಸಂತೋಷದಿಂದ ಹೇಳಿದ: "ಖರೇನ ಹಗುರಾತು ಯವ್ವಾ."

ಅಂದು ಸಂಜೆ ವಿಶಾಲಕ್ಕ ಮಕ್ತುಮಸಾಬನ ಅಂಗಡಿಗೆ ಹೋದಳು. ಅವಳಿಗೊಂದು ಲೆಕ್ಕ ಹೊಳೆದಿತ್ತು. ಏಳು ಬಿಲ್ಲೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಎರಡೆರಡು, ಮೂರುಮೂರು ಹಲ್ಲಿನ ಜಿಗಿತ. ಒಂದು ಗೇರು ತಪ್ಪಿದರೆ ಕಾಲಿನ ಲಯವೇ ಕೆಡುತ್ತದೆ. ಅವಳ ಅಣ್ಣನ ಮಗನ ಹತ್ತಿರ ಹನ್ನೆರಡು ಬಿಲ್ಲೆಯ ಸೈಕಲ್ಲಿತ್ತು. ಓಟ ಮುಗಿಯುವವರೆಗೆ ಕೊಡುತ್ತೇನೆ ಎಂದಿದ್ದ. ಅದರಲ್ಲಿ ಚಿಕ್ಕ ಬಿಲ್ಲೆಗಳ ನಡುವೆ ಒಂದೊಂದೇ ಹಲ್ಲಿನ ಅಂತರ.

ಮಕ್ತುಮಸಾಬ ನಲವತ್ತು ವರ್ಷ ಸೈಕಲ್ ಬಿಚ್ಚಿ ಕಟ್ಟಿದವನು. ಅವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ತಲೆಯಾಡಿಸಿದ. "ಬ್ಯಾಡ್ರಿ ಅಕ್ಕಾರ. ಏಳು ಇದ್ದಾಗ ಏಳು ನಮೂನಿ ತಪ್ಪತಾನ. ಹನ್ನೆರಡು ಕೊಟ್ರ ಹನ್ನೆರಡು ನಮೂನಿ ತಪ್ಪತಾನ."

"ತಪ್ಪಲಿ ತಗೊ. ಸಣ್ಣಸಣ್ಣ ತಪ್ಪತಾನ."

ಅವನು ಬಿಡಲಿಲ್ಲ. ಬಿಲ್ಲೆ ಹೆಚ್ಚಾದಂತೆ ಚೈನು ತೆಳ್ಳಗಾಗುತ್ತದೆ, ಒಂದು ಕೂದಲೆಳೆ ಸರಿದರೂ ಗೇರು ಜಾರುತ್ತದೆ, ಬೆಟ್ಟದ ಊರಿನವರಿಗಾದರೆ ಸರಿ, ಈ ಬಯಲಿನಲ್ಲಿ ಇರುವ ಒಂದೆರಡು ದಿಬ್ಬಕ್ಕೆ ಹನ್ನೆರಡು ಏತಕ್ಕೆ ಎಂದ. ವಿಶಾಲಕ್ಕ ವಹಿ ತೆಗೆದು ಅವನ ಮುಂದಿಟ್ಟಳು. ನಮ್ಮಲ್ಲಿ ದಿಬ್ಬ ಇಲ್ಲದಿದ್ದರೇನು, ಗಾಳಿ ಇದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ, ನಡುವೆ ಅಡ್ಡ. ಗಾಳಿ ಒಂದು ಹಲ್ಲಿನಷ್ಟೇ ಬದಲಾದರೆ ಗೇರೂ ಒಂದೇ ಹಲ್ಲು ಬದಲಾಗಬೇಕು. ಎರಡು ಹಲ್ಲು ಜಿಗಿದರೆ ಒಂದು ಗಳಿಗೆ ತುಳಿತ ಹೆಚ್ಚು, ಒಂದು ಗಳಿಗೆ ಕಡಿಮೆ. ಮೂವತ್ತು ಕಿಲೋಮೀಟರಿನಲ್ಲಿ ಕಾಲು ಸೋಲುವುದು ಅಲ್ಲಿಯೇ. ಮಕ್ತುಮಸಾಬ ಕನ್ನಡಕ ಏರಿಸಿ ಆರು ಪುಟ ಓದಿದ. ಒಪ್ಪಿದೆ ಎನ್ನಲಿಲ್ಲ. ಸೈಕಲ್ ತರಿಸ್ರಿ, ಸೆಟ್ ಮಾಡಿ ಕೊಡತೀನಿ ಎಂದ. ತಂದ ಮೇಲೆ, ಪೆಡಲ್ಲಿನ ಹತ್ತಿರದ ಮುಂದಿನ ಬಿಲ್ಲೆಗಳನ್ನು ಬದಲಿಸುವ ಹಿಡಿಗೆ ತಂತಿ ಬಿಗಿದು, ಗದಿಗೆಪ್ಪ ಹಿಂದಿನದನ್ನಷ್ಟೇ ಮುಟ್ಟುವ ಹಾಗೆ ಮಾಡಿದ.

ವಿಶಾಲಕ್ಕ ಮಗನಿಗೆ ಹೇಳಿದಳು: ಹನ್ನೆರಡಿವೆ ಎಂದು ಹೆದರಬೇಡ. ಏರುವಾಗಲೂ ಇಳಿಯುವಾಗಲೂ ಒಂದಾದ ಮೇಲೆ ಒಂದು. ಯಾವುದನ್ನೂ ಬಿಟ್ಟು ಜಿಗಿಯಬೇಡ.

ಆಶ್ಚರ್ಯ ನೋಡಿ, ಇದು ಅವನ ಕಾಲಿಗೆ ಒಗ್ಗಿತು. ಎದುರು ಗಾಳಿ ಬಂದರೆ ಟಕ್ ಎಂದು ಒಂದು ಬಿಲ್ಲೆ, ಗಾಳಿ ತಗ್ಗಿದರೆ ಟಕ್ ಎಂದು ಇನ್ನೊಂದು. ಹತ್ತು ದಿನದಲ್ಲಿ ಮೂವತ್ತು ಕಿಲೋಮೀಟರಿಗೆ ಆರು ನಿಮಿಷ ಇಳಿಯಿತು. ವಿಶಾಲಕ್ಕ ಅದನ್ನು ವಹಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ಆದರೂ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಬಾಗಿಲಿಗೆ ಹೋಗುವುದು, ಬರುವುದು. ಇಷ್ಟು ಚೆನ್ನಾಗಿ ನಡೆದರೆ ಎಲ್ಲೋ ಏನೋ ಕಾದಿದೆ ಎಂಬ ದಿಗಿಲು.

ಕಾದದ್ದು ಮಾಳಿಗೆಗೆ ಹತ್ತುವ ಏಣಿಯಲ್ಲಿತ್ತು. ಒಣಗಿದ ಮೆಣಸಿನಕಾಯಿ ತರಲು ಕಳಿಸಿದರೆ ಗದಿಗೆಪ್ಪ ಒಂದು ತಾಸಾದರೂ ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಏಣಿಯ ನಡುವೆ ನಿಂತಿದ್ದಾನೆ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಏಣಿಯ ಐದನೆಯ ಮೆಟ್ಟಿಲು ಹೋದ ಮಳೆಗಾಲದಲ್ಲೇ ಮುರಿದಿತ್ತು.

"ಯಾಕೋ ನಿಂತಿ?"

"ಒಂದಾದ ಮ್ಯಾಲ ಒಂದು ಅಂದಿದ್ದಿ. ನಾಕರ ಮ್ಯಾಲ ಐದಿಲ್ಲ ಯವ್ವಾ."

ಓಟಕ್ಕೆ ಎರಡು ದಿನ ಉಳಿದಿತ್ತು. ಓಟದ ದಾರಿಯಲ್ಲಿ ಹೀಗೆ ಏನಾದರೂ ಇಲ್ಲದ್ದು ಎದುರಾದರೆ, ಇರಬಾರದ್ದು ಎದುರಾದರೆ, ಈ ಮಗ ಹೀಗೇ ನಿಂತುಬಿಟ್ಟರೆ? ಎಲ್ಲ ಕಷ್ಟಕ್ಕೂ ಆಗುವಂಥ ಒಂದೇ ಮಾತು ಬೇಕು. ವಿಶಾಲಕ್ಕ ರಾತ್ರಿಯೆಲ್ಲ ಹುಡುಕಿ ಬೆಳಿಗ್ಗೆ ಹೇಳಿದಳು: "ಗೇರಿಗೆ ನಿನ್ನ ಕಾಲು ಕೇಳು. ಉಳಿದದ್ದು ಏನ ಬರಲಿ, ತಿಳೀಲಿಲ್ಲಂದ್ರ ಮುಂದಿನವನ್ನ ನೋಡು. ಅವ ಹೋದಂಗ ಹೋಗು. ಅವನ್ನ ಬಿಡಬ್ಯಾಡ." ಗದಿಗೆಪ್ಪ ಮೂರು ಸಲ ಹೇಳಿ ಒಪ್ಪಿಸಿದ.

ಓಟದ ಬೆಳಿಗ್ಗೆ ಅವನು ಮನೆಯಿಂದ ನಾಲ್ಕು ಕಿಲೋಮೀಟರ್ ತುಳಿದು ಕಲ್ಲಹಾಳ ಕ್ರಾಸಿಗೆ ಹೋದ. ಅಲ್ಲಿಂದ ಮೂವತ್ತು ಕಿಲೋಮೀಟರ್ ದೂರದ ತಾಲ್ಲೂಕು ಮೈದಾನದಲ್ಲಿ ಓಟದ ಕೊನೆಯ ಗೆರೆ. ವಿಶಾಲಕ್ಕ ಮಕ್ತುಮಸಾಬನ ಮೋಟರ್ ಸೈಕಲ್ಲಿನಲ್ಲಿ ಮುಂಚೆಯೇ ಹೋಗಿ ಗೆರೆಯ ಹತ್ತಿರ ನಿಂತಳು. ಖುರ್ಚಿ ಕೊಟ್ಟರು, ಕೂಡಲಿಲ್ಲ. ದಾರಿಯಿಂದ ಫೋನು ಬರುತ್ತಿತ್ತು, ಮೈಕಿನವನು ಹೇಳುತ್ತಿದ್ದ. ಹತ್ತನೆಯ ಕಿಲೋಮೀಟರಿಗೆ ಕಲ್ಲಹಾಳದ ಹುಡುಗ ಐದನೆಯವ. ಹದಿನೈದಕ್ಕೆ ಎರಡನೆಯವ. ಇಪ್ಪತ್ತಕ್ಕೆ ಎಲ್ಲರನ್ನೂ ಬಿಟ್ಟು ಒಬ್ಬನೇ ಮುಂದೆ.

ಆದದ್ದು ಇಷ್ಟು. ಮುಂದಿನವನನ್ನು ಬಿಡಬೇಡ ಎಂದಿದ್ದಳಲ್ಲ? ಎಲ್ಲರಿಗಿಂತ ಮುಂದೆ ಕೆಂಪು ಬಾವುಟ ಕಟ್ಟಿಕೊಂಡು ದಾರಿ ತೋರಿಸುವ ಮೋಟರ್ ಸೈಕಲ್ಲು ಹೋಗುತ್ತಿತ್ತು. ಗದಿಗೆಪ್ಪ ಅದರ ಬೆನ್ನು ಹಿಡಿದಿದ್ದ. ಮೋಟರ್ ಸೈಕಲ್ಲಿನವನು ಹಿಂದೆ ನೋಡಿ ಅಂತರ ಇರಲಿ ಎಂದು ವೇಗ ಹೆಚ್ಚಿಸಿದ. ಗದಿಗೆಪ್ಪ ಒಂದು ಬಿಲ್ಲೆ ಇಳಿಸಿದ. ಅವನು ಇನ್ನಷ್ಟು ಹೆಚ್ಚಿಸಿದ. ಇವನು ಇನ್ನೊಂದು ಇಳಿಸಿದ.

ಮೈದಾನದ ಜನ ಎದ್ದು ನಿಂತರು. ದೂರದಲ್ಲಿ ಕೆಂಪು ಬಾವುಟ, ಅದರ ಹಿಂದೆ ಗದಿಗೆಪ್ಪ, ಅವನ ಹಿಂದೆ ಬರಿಯ ರಸ್ತೆ. ಗೆರೆಗೆ ಇನ್ನು ನೂರೇ ಮೀಟರ್. ದಾರಿ ತೋರಿಸುವ ಗಾಡಿ ಗೆರೆ ದಾಟುವ ಹಾಗಿಲ್ಲ; ಅದು ಪದ್ಧತಿಯ ಪ್ರಕಾರ ಎಡಕ್ಕೆ, ಚಹಾದಂಗಡಿಯ ಓಣಿಗೆ ತಿರುಗಿತು.

ಗದಿಗೆಪ್ಪನೂ ಎಡಕ್ಕೆ ತಿರುಗಿದ.

ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೇ ನಿಂತವು. ವಿಶಾಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಚಹಾದಂಗಡಿಯ ಮುಂದೆ ಮೋಟರ್ ಸೈಕಲ್ಲಿನವನು ಬಸಿಯಲ್ಲಿ ಚಹಾ ಆರಿಸುತ್ತಿದ್ದ. ಅವನ ಬೆನ್ನ ಹಿಂದೆ ಗದಿಗೆಪ್ಪ ಸೈಕಲ್ ಹಿಡಿದು, ಇವನು ಮುಂದೆ ಯಾವ ಕಡೆ ಹೋಗುತ್ತಾನೋ ಎಂದು ಕಾಯುತ್ತಿದ್ದ. ಮೈದಾನದಲ್ಲಿ ಗದ್ದಲ ಎದ್ದಿತು: ಒಬ್ಬ ಗೆರೆ ದಾಟಿದ. ಮತ್ತೆ ಗದ್ದಲ: ಇನ್ನೊಬ್ಬ ದಾಟಿದ. ಮೂರನೆಯವನು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೂ ಒಂದು ಜಾಗ ಉಳಿದಿತ್ತು, ಇನ್ನೂ ಹೊತ್ತಿತ್ತು. ವಿಶಾಲಕ್ಕನಿಗೆ ಉಸಿರೇ ಹತ್ತುತ್ತಿರಲಿಲ್ಲ. ಸಿಕ್ಕ ಉಸಿರಿನಲ್ಲಿ ಹೇಳಿದಳು:

"ಗದಗ್ಯಾ, ಬಂದ ದಾರೀಲೆ ಹೊಳ್ಳಿ ಹೋಗು. ಎಲ್ಲೂ ನಿಂದರಬ್ಯಾಡ."

ಗದಿಗೆಪ್ಪ ಹೊರಟ. ಓಣಿಯ ಬಾಯಿಗೆ ಬಂದ. ಎಡಕ್ಕೆ ನೂರು ಮೀಟರಿಗೆ ಗೆರೆ. ಬಲಕ್ಕೆ ಮೂವತ್ತು ಕಿಲೋಮೀಟರಿಗೆ ಕಲ್ಲಹಾಳ ಕ್ರಾಸು. ಬಂದ ದಾರಿ ಬಲಕ್ಕಿತ್ತು. ಅವನು ಬಲಕ್ಕೆ ತಿರುಗಿ, ಒಂದಾದ ಮೇಲೆ ಒಂದು ಗೇರು ಇಳಿಸುತ್ತ, ಎದುರಿಗೆ ಬಂದ ಮೂರನೆಯವನಿಗೆ ದಾರಿ ಬಿಟ್ಟುಕೊಟ್ಟು, ನಾಲ್ಕನೆಯವನನ್ನು, ಐದನೆಯವನನ್ನು, ಕೊನೆಯವನನ್ನೂ ದಾಟಿಕೊಂಡು ಕಣ್ಮರೆಯಾದ.

ವಿಶಾಲಕ್ಕ ಓಟ ನಡೆಸಿದವರ ಮುಂದೆ ಒಂದು ತಾಸಿಗೂ ಹೆಚ್ಚು ವಾದ ಮಾಡಿದಳು. ಮೊದಲು ಬಂದವನು ತನ್ನ ಮಗನೇ ಎಂದಳು, ವಹಿ ತೆರೆದು ತೋರಿಸಿದಳು. ಅವರು ತಾಳ್ಮೆಯಿಂದ ಓದಿದರು, ಇಂಥ ಕಾಲು ನೋಡಿಲ್ಲ ಎಂದೂ ಒಪ್ಪಿದರು. ಆದರೆ ಗೆರೆ ದಾಟದವನ ಹೆಸರು ಬರೆಯಲು ಬರುವುದಿಲ್ಲ ತಾಯಿ ಎಂದರು. ಆಮೇಲೆ ಅವಳು ಮಕ್ತುಮಸಾಬನ ಹಿಂದೆ ಕುಳಿತು ಮಗನನ್ನು ಹುಡುಕುತ್ತ ಹೊರಟಳು. ದಾರಿಯುದ್ದಕ್ಕೂ ಕೇಳಿದವರೆಲ್ಲ ಒಂದೇ ದಿಕ್ಕಿಗೆ ಕೈ ತೋರಿಸಿದರು. ದಿಬ್ಬದ ಮೇಲೆ ಕುರಿ ಕಾಯುವವನು, ಎದುರು ಗಾಳಿಯಲ್ಲೂ ತುಳಿತ ಒಂದಿಷ್ಟೂ ತಪ್ಪದೆ ಏರಿ ಹೋದ ಎಂದ. ಮಕ್ತುಮಸಾಬ "ಹನ್ನೆರಡು ಛಲೋನ ಅದಾವ ಬಿಡ್ರಿ ಅಕ್ಕಾರ," ಎಂದ.

ಕ್ರಾಸಿನಲ್ಲಿ ಅವನಿರಲಿಲ್ಲ. ಮನೆಗೆ ಬಂದರು. ಸೈಕಲ್ಲು ಬೆಳಿಗ್ಗೆ ಇದ್ದ ಗೋಡೆಗೇ ಒರಗಿತ್ತು. ಬೂಟು ಬೆಳಿಗ್ಗೆ ಇದ್ದ ಮೂಲೆಯಲ್ಲೇ ಇತ್ತು. ಓಟದ ಅಂಗಿ ಅದೇ ಗೂಟದ ಮೇಲೆ. ಒಳಗೆ ಗದಿಗೆಪ್ಪ ನಡುಹಗಲಿನಲ್ಲಿ ಹಾಸಿಗೆ ಹಾಸಿಕೊಂಡು, ಗದ್ದದವರೆಗೆ ಕಂಬಳಿ ಹೊದ್ದು, ಬೆವರು ಸುರಿಸುತ್ತ ಮಲಗಿದ್ದ.

"ಬಂದ ದಾರೀಲೆ ಹೊಳ್ಳಿ ಬಂದೇನಿ ಯವ್ವಾ. ಮುಂಜಾನೆ ಇಲ್ಲಿಂದನ ಎದ್ದಿದ್ನಿ. ಎಲ್ಲೂ ನಿಂತಿಲ್ಲ. ತಿಂದ ಅವಲಕ್ಕಿ ಒಂದು ಹೊಳ್ಳಿ ಇಡಾಕ ಆಗಲಿಲ್ಲ."

ಬೆಳಗಿನಿಂದ ಒಂದು ಕಡೆ ಕೂಡದಿದ್ದ ವಿಶಾಲಕ್ಕ ಮಗನ ಹಾಸಿಗೆಯ ಅಂಚಿಗೆ ಕುಳಿತಳು. ಕಲ್ಲಿನ ಮಾತು, ದಿಬ್ಬದ ಮಾತು, ಕಾಲಿನ ಮಾತು, ಎಲ್ಲ ಹೇಳಿ ಮುಗಿದಿತ್ತು. ಕೊನೆಗೆ ಒಂದೇ ಮಾತು ಉಳಿದಿತ್ತು, ಅದನ್ನೇ ಹೇಳಿದಳು.

"ಇನ್ನ ಮ್ಯಾಲ ನಿನಗ ಏನ ತಿಳೀತೈತೋ ಅದನ್ನ ಮಾಡಪ್ಪಾ."

ಗದಿಗೆಪ್ಪ ಕಂಬಳಿ ಸರಿಸಿ ಎದ್ದು ಕುಳಿತ. ಮುಖದಲ್ಲಿ ಹುರುಪು ಬಂತು.

"ಹೂಂ ಯವ್ವಾ. ನನಗ ಏನ ತಿಳೀತೈತಿ, ಹೇಳು. ಹಂಗ ಮಾಡತೇನಿ."